ಒಬ್ಬೊಬ್ಬರಿಗೂ ಅವರವರ ಪಾಠ: ಪಂಚಾಕ್ಷರಿ ಗವಾಯಿಗಳು

ಕಳೆದ ಸೆಮಿಸ್ಟರ್‌ನಲ್ಲಿ ನಾವು ನಾಲ್ಕು ಜನ ಸೇರಿ ಮಿನಿ ಪ್ರಾಜೆಕ್ಟ್‌ಗೆ ಒಂದು ಕಲಿಕೆಯ ಆ್ಯಪ್ ಮಾಡಿದ್ವಿ. ಕೊಡಗಿನ ಒಂದು ವಿಶೇಷ ಮಕ್ಕಳ ಶಾಲೆಗೆ ಅದನ್ನ ತಗೊಂಡು ಹೋದ್ವಿ. ಅಲ್ಲಿ ಒಂದು ಹುಡುಗಿ ಸ್ಕ್ರೀನಿನ ಬೆಳಕಿಗೇ ಹೆದರಿ ಮುಖ ತಿರುಗಿಸಿಬಿಟ್ಟಳು. ಕಣ್ಣು ಕಾಣದ ಒಬ್ಬ ಹುಡುಗ ಟ್ಯಾಬ್ ಪಕ್ಕಕ್ಕಿಟ್ಟು, ಬೆಂಚಿನ ಮೇಲೆ ಪುತ್ತರಿಯ ದುಡಿ ಥರ ತಾಳ ಹಾಕ್ತಾ ಕೂತ. ಟೀಚರ್ ನಮಗೆ ಪ್ರತಿ ಮಗುವಿಗೂ ಒಂದೊಂದು ಬೇರೆ ಫೈಲ್ ಇರೋದನ್ನ ತೋರಿಸಿದರು. ನಾವು ಒಂದು ಮಗುವನ್ನೂ ನೋಡದೆ ಎಲ್ಲರಿಗೂ ಒಂದೇ ಆ್ಯಪ್ ಮಾಡಿದ್ವಿ. ತಪ್ಪು ಅಲ್ಲೇ ಇತ್ತು.

ವಾಪಸ್ ಬರುವಾಗ ಬಸ್ಸಲ್ಲಿ ನಮ್ಮ ಗದಗಿನ ಗೆಳೆಯ ಒಂದು ಹೆಸರು ಹೇಳಿದ: ಪಂಚಾಕ್ಷರಿ ಗವಾಯಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಬ್ರೈಲ್ ಲಿಪಿಯ ಲೂಯಿ ಬ್ರೈಲ್ ಗೊತ್ತಿತ್ತು, ಇವರು ಗೊತ್ತಿರಲಿಲ್ಲ.

ಅವರು ಹುಟ್ಟಿದ್ದು 1892ರಲ್ಲಿ, ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಆಗಿನ ಹೆಸರು ಗದಿಗೆಯ್ಯ. ಅಣ್ಣ ಗುರುಬಸಯ್ಯ. ಇಬ್ಬರಿಗೂ ಕಣ್ಣು ಕಾಣ್ತಿರಲಿಲ್ಲ, ಆದರೆ ಇಬ್ಬರ ಕಂಠವೂ ಚೆನ್ನಾಗಿತ್ತು. ಹಾನಗಲ್ ಕುಮಾರ ಸ್ವಾಮಿಗಳು ಈ ಹುಡುಗರಲ್ಲಿ ಇಲ್ಲದ ಕಣ್ಣನ್ನ ನೋಡಲಿಲ್ಲ, ಇರುವ ಕಂಠವನ್ನ ಗುರುತಿಸಿದರು. ಸಂಗೀತ ಕಲಿಸುವ ಹೊಣೆ ಹೊತ್ತರು. ಗದಿಗೆಯ್ಯ ಮುಂದೆ ಮೈಸೂರಿನಲ್ಲಿ ಕರ್ನಾಟಕ ಸಂಗೀತ ಕಲಿತರು. ಆಮೇಲೆ ನೀಲಕಂಠಬುವಾ ಮಿರಜಕರ್ ಅವರಲ್ಲಿ ಹಿಂದೂಸ್ತಾನಿ ಕಲಿತರು. ಎರಡೂ ಪದ್ಧತಿ ಬಲ್ಲ ಗವಾಯಿಗಳಾದರು.

ಇಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ದೊಡ್ಡ ಹಾಡುಗಾರ ಆಗಿರ್ತಿದ್ದರು, ಅಷ್ಟೆ. ಅವರು ಶಾಲೆಯನ್ನೇ ಜೊತೆಗೆ ಕಟ್ಟಿಕೊಂಡು ಹೊರಟರು. ಕುರುಡು ಮಕ್ಕಳು, ಅನಾಥರು, ಬಡವರ ಮಕ್ಕಳನ್ನ ಸೇರಿಸಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆ ಅದು. ಜಾತಿ ಕೇಳಲಿಲ್ಲ, ಫೀಸ್ ಕೇಳಲಿಲ್ಲ. ಊಟ, ಬಟ್ಟೆ, ಪಾಠ ಎಲ್ಲಾ ಉಚಿತ. ಅದಕ್ಕೆ ಬೇಕಾದ ದುಡ್ಡು ಕಛೇರಿ, ನಾಟಕಗಳಿಂದ ಬರಬೇಕಿತ್ತು. ಕೊನೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮ ಈ ಶಾಲೆಗೆ ಕಾಯಂ ನೆಲೆಯಾಯಿತು.

ಅಲ್ಲಿ ಎಲ್ಲರೂ ಒಂದೇ ಅಚ್ಚಿನಿಂದ ಹೊರಬರಲಿಲ್ಲ. ಕೆಲವರು ಹಾಡಿದರು, ಕೆಲವರು ತಬಲಾ ಹಿಡಿದರು, ಕೆಲವರು ಹಾರ್ಮೋನಿಯಂ, ಪಿಟೀಲು. ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿ, ಎಳವೆಯಲ್ಲೇ ದೃಷ್ಟಿ ಕಳಕೊಂಡ ಪುಟ್ಟರಾಜ ಗವಾಯಿಗಳು ಹಲವು ವಾದ್ಯ ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಪುಸ್ತಕ ಬರೆದರು. ತಂದೆಯನ್ನ ಕಳಕೊಂಡಿದ್ದ ಬಸವರಾಜ ರಾಜಗುರು, ಕಣ್ಣು ಕಾಣ್ತಿದ್ದವರು, ದೇಶವೇ ಕೇಳುವ ಗಾಯಕರಾದರು. ಒಂದೇ ಗುರು, ಒಂದೇ ಅನ್ನ, ಆದರೆ ದಾರಿ ಬೇರೆ ಬೇರೆ.

ಗವಾಯಿಗಳು 1944ರಲ್ಲಿ, 52ನೇ ವಯಸ್ಸಿಗೆ ತೀರಿಕೊಂಡರು. ಪುಟ್ಟರಾಜರು ಆಶ್ರಮದ ಹೊಣೆ ಹೊತ್ತು, 2010ರಲ್ಲಿ ಕೊನೆಯುಸಿರೆಳೆಯುವವರೆಗೂ ನಡೆಸಿದರು. 1995ರಲ್ಲಿ ಗವಾಯಿಗಳ ಬದುಕಿನ ಮೇಲೆ ಸಿನಿಮಾ ಕೂಡ ಬಂತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನ ಪಟ್ಟಿ ಮಾಡಿದೆ. ಪಟ್ಟಿ ಬೇಕು, ಅದಿಲ್ಲದಿದ್ದರೆ ಸೌಲಭ್ಯ ಸಿಗಲ್ಲ. ಆದರೆ ಪಟ್ಟಿ ನೋಡಿ ಮಗುವನ್ನ ಅರ್ಥ ಮಾಡ್ಕೊಳ್ಳಕ್ಕಾಗಲ್ಲ. ಒಂದೇ ಹೆಸರಿನ ತೊಂದರೆ ಇರುವ ಇಬ್ಬರು ಮಕ್ಕಳಿಗೂ ಬೇಕಾಗಿರೋದು ಬೇರೆ ಬೇರೆಯೇ ಇರಬಹುದು.

ನಮ್ಮ ಆ್ಯಪ್ ಈಗ ಮೊದಲಿನಿಂದ ಶುರುವಾಗಿದೆ. ಈ ಸಲ ಕೋಡ್ ಬರೆಯೋಕೆ ಮುಂಚೆ ನಾವು ಎರಡು ಶನಿವಾರ ಆ ಶಾಲೆಯಲ್ಲಿ ಸುಮ್ಮನೆ ಕೂತು ಬಂದ್ವಿ. ತಾಳ ಹಾಕುವ ಹುಡುಗನಿಗೆ ಸ್ಕ್ರೀನ್ ಬೇಡ, ಶಬ್ದ ಬೇಕು. ಅಷ್ಟು ಗೊತ್ತಾಗಿದೆ. ಮುಂದಿನ ಶನಿವಾರ ಮನೆಯಿಂದ ಒಂದು ದುಡಿ ತಗೊಂಡು ಹೋಗ್ತೀವಿ.