ಆಟದ ನಿಯಮ ಬರೆದ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು

ಶಿರಸಿ: ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಮನೆಗಳ ಜಗುಲಿಯಲ್ಲಿ ಚೌಕಾಬಾರಕ್ಕೆ ಕುಳಿತವರು ಕವಡೆಯನ್ನು ಕೈಗೆತ್ತಿಕೊಳ್ಳುವ ಮುನ್ನ ಒಂದು ಒಪ್ಪಂದಕ್ಕೆ ಬರಬೇಕಾಗುತ್ತದೆ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಪ್ರವೇಶವುಂಟೇ? ನಾಲ್ಕು ಅಥವಾ ಎಂಟು ಬಿದ್ದರೆ ಮತ್ತೊಮ್ಮೆ ಎಸೆಯಬಹುದೇ? ಜೋಡಿಯಾಗಿ ಕುಳಿತ ಕಾಯಿಗಳನ್ನು ಒಂಟಿ ಕಾಯಿ ಹೊಡೆಯಬಲ್ಲದೇ? ನಾಡಿನ ಎಲ್ಲೆಡೆ ಇರುವಂತೆ ಇಲ್ಲಿಯೂ ಉತ್ತರ ಮನೆಯಿಂದ ಮನೆಗೆ ಬೇರೆ. ಹೊಸದಾಗಿ ಬಂದ ನೆಂಟನೊಬ್ಬ ಆಟದ ನಡುವೆ ತನ್ನೂರಿನ ಪದ್ಧತಿಯನ್ನು ಮುಂದಿಟ್ಟರೆ ಮಣೆಯ ಸುತ್ತ ಗದ್ದಲವೆದ್ದು ಆಟ ಅರ್ಧಕ್ಕೆ ನಿಲ್ಲುವುದೂ ಉಂಟು. ತೆರೆದು ನೋಡಿ ತೀರ್ಮಾನಿಸಲು ಅಲ್ಲಿ ಯಾವ ಪುಸ್ತಕವೂ ಇರುವುದಿಲ್ಲ.

ಆದರೆ ಒಂದೂವರೆ ಶತಮಾನಕ್ಕೂ ಹಿಂದೆ ಕನ್ನಡ ನಾಡಿನ ಅರಸರೊಬ್ಬರು ಮಣೆಯಾಟ ಮತ್ತು ಎಲೆಯಾಟಗಳಿಗೆ ಪುಸ್ತಕ ಬರೆಯಿಸಿದರು. ಹಳೆಯ ಆಟಗಳನ್ನು ದಾಖಲಿಸುವುದರ ಜೊತೆಗೆ ಅವನ್ನು ತಿದ್ದಿದರು, ಹಿಗ್ಗಿಸಿದರು, ಹೊಸ ಆಟಗಳನ್ನೇ ರಚಿಸಿದರು. ಅವರೇ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು.

1794ರ ಜುಲೈ 14ರಂದು ಶ್ರೀರಂಗಪಟ್ಟಣದಲ್ಲಿ ಅವರು ಜನಿಸಿದಾಗ ಒಡೆಯರ ವಂಶಕ್ಕೆ ಅಧಿಕಾರವಿರಲಿಲ್ಲ. ಎರಡು ವರ್ಷ ತುಂಬುವ ವೇಳೆಗೆ ತಂದೆ ತೀರಿಕೊಂಡರು. 1799ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪೆನಿಯು ಜೂನ್ 30ರಂದು ಐದು ವರ್ಷದ ಬಾಲಕನನ್ನು ಸಿಂಹಾಸನದ ಮೇಲೆ ಕೂರಿಸಿತು. ಅದೇ ವರ್ಷ ರಾಜ್ಯ ಹರಿದು ಹಂಚಿಹೋಯಿತು. ಶಿರಸಿ, ಸೋಂದೆ, ಯಲ್ಲಾಪುರಗಳನ್ನೊಳಗೊಂಡ ಕೆನರಾ ಪ್ರಾಂತ ಕಂಪೆನಿಯ ಪಾಲಾಯಿತು. ಪಕ್ಕದ ಸಾಗರ, ಸೊರಬಗಳು ಮೈಸೂರಿನಲ್ಲಿಯೇ ಉಳಿದವು. ಹೊಸ ಮೈಸೂರು ವರ್ಷಕ್ಕೆ 7 ಲಕ್ಷ ಪಗೋಡ ಕಪ್ಪ ಸಲ್ಲಿಸಬೇಕೆಂದೂ ಆ ಹಣಕ್ಕೆ ಕುತ್ತು ಬಂದಲ್ಲಿ ಆಡಳಿತದಲ್ಲಿ ಕಂಪೆನಿ ಕೈಹಾಕಬಹುದೆಂದೂ ಒಪ್ಪಂದವಾಯಿತು. ಬಾಲಕನಿಗೆ ಈ ನಿಯಮಗಳಲ್ಲಿ ಯಾವುದೂ ತಿಳಿದಿರಲಾರದು.

ದಿವಾನ್ ಪೂರ್ಣಯ್ಯನವರ ಆಡಳಿತ ಮುಗಿದು ಅರಸರು ಸ್ವತಂತ್ರವಾಗಿ ರಾಜ್ಯಭಾರ ನಡೆಸಿದ್ದು ಸುಮಾರು ಎರಡು ದಶಕ ಮಾತ್ರ. ಇಷ್ಟು ಕಂದಾಯವನ್ನು ವಸೂಲು ಮಾಡಿಯೇ ತೀರುವೆವೆಂದು ಅಮಲ್ದಾರರಿಂದ ಬರೆಯಿಸಿಕೊಳ್ಳುವ ಶರತ್ತಿನ ಪದ್ಧತಿ ರೈತರನ್ನು ಹಿಂಡಿತು. 1830ರಲ್ಲಿ ನಗರ ಸೀಮೆ, ಅಂದರೆ ಇಂದಿನ ಸಿದ್ದಾಪುರದ ನೆರೆಯ ಮಲೆನಾಡು, ದಂಗೆಯೆದ್ದಿತು. ಕೆಳದಿಯ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸಪ್ಪ ಅದರ ಮುಂದಾಳಾಗಿದ್ದ. ದಂಗೆ ಅಡಗಿತಾದರೂ 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯದ ಆಡಳಿತವನ್ನು ಕಿತ್ತುಕೊಂಡರು. ಕಪ್ಪಕ್ಕೆ ಅಗತ್ಯವಾದಷ್ಟು ಭಾಗವನ್ನು ಮಾತ್ರ ವಶಪಡಿಸಿಕೊಳ್ಳಲು ಒಪ್ಪಂದ ಅವಕಾಶ ನೀಡಿತ್ತೆಂಬ ಅರಸರ ವಾದ ನಿಷ್ಫಲವಾಯಿತು. ಆಡಳಿತದ ಕೇಂದ್ರ ಬೆಂಗಳೂರಿಗೆ ಹೋಯಿತು. 37 ವರ್ಷದ ಅರಸರಿಗೆ ಉಳಿದದ್ದು ಅರಮನೆ, ವರ್ಷಕ್ಕೆ ಒಂದು ಲಕ್ಷ ಪಗೋಡ ಮತ್ತು ಕಂದಾಯದ ಐದನೆಯ ಒಂದು ಪಾಲು.

ಅಲ್ಲಿಂದ ಮುಂದೆ 36 ವರ್ಷಕ್ಕೂ ಹೆಚ್ಚು ಕಾಲ ಅವರು ರಾಜ್ಯವಿಲ್ಲದ ರಾಜರಾಗಿಯೇ ಬಾಳಿದರು. ಕಾವ್ಯ, ಸಂಗೀತ, ಚಿತ್ರಕಲೆಗಳಿಗೆ ಅರಮನೆ ಆಶ್ರಯವಾದುದನ್ನು ಚರಿತ್ರೆಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆಟಗಳ ಮಾತು ಮಾತ್ರ ಅಡಿಟಿಪ್ಪಣಿಯಲ್ಲಿ ಉಳಿದುಬಿಟ್ಟಿದೆ. ಅವರ ಹೆಸರಿನಲ್ಲಿರುವ ಬೃಹದ್ಗ್ರಂಥ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಅದರಲ್ಲಿರುವ 122 ಯೋಗಾಸನಗಳ ಚಿತ್ರಗಳು 1996ರಲ್ಲಿ ಪುಸ್ತಕರೂಪದಲ್ಲಿ ಹೊರಬಂದ ಮೇಲೆ ಜಗತ್ತಿನಾದ್ಯಂತ ಯೋಗಾಸಕ್ತರ ಗಮನ ಸೆಳೆದವು. ಅದೇ ನಿಧಿಯಲ್ಲಿರುವ ಆಟಗಳ ಪುಟಗಳಿಗೆ ಅಂಥ ಭಾಗ್ಯ ಒದಗಲಿಲ್ಲ.

ಚದುರಂಗದಲ್ಲಿ ಅರಸರಿಗೆ ಅಪಾರ ಆಸಕ್ತಿ. 64 ಮನೆಗಳನ್ನೂ ಒಂದೊಂದೇ ಬಾರಿ ಮೆಟ್ಟಿ ಕುದುರೆಯು ಹೊರಟಲ್ಲಿಗೇ ಮರಳುವ ಸಂಚಾರವನ್ನು ಅವರು ರಚಿಸಿದರು. ನಡೆಗಳಿಗೆ 1ರಿಂದ 64ರವರೆಗೆ ಅಂಕಿ ಕೊಟ್ಟು ಕೂಡಿದರೆ ಪ್ರತಿ ಅಡ್ಡಸಾಲು ಮತ್ತು ಉದ್ದಸಾಲಿನ ಮೊತ್ತ 260. ಆ ಕಾಲದಲ್ಲಿ ಚದುರಂಗವೂ ನಿಯಮದ ಗೊಂದಲದಲ್ಲಿಯೇ ಇತ್ತು. ಕಾಲಾಳು ಮೊದಲ ನಡೆಯಲ್ಲಿ ಒಂದೇ ಮನೆ ಚಲಿಸುವ ದೇಶಿ ಪದ್ಧತಿ ಒಂದೆಡೆ, ಎರಡು ಮನೆ ಜಿಗಿಯುವ ಯೂರೋಪಿನ ಪದ್ಧತಿ ಇನ್ನೊಂದೆಡೆ. 1814ರಷ್ಟು ಹಿಂದೆಯೇ ಮುಂಬಯಿಯಲ್ಲಿ ತಿರುವೆಂಗಡಾಚಾರ್ಯ ಶಾಸ್ತ್ರಿ ಎಂಬ ವಿದ್ವಾಂಸರು ಸಂಸ್ಕೃತದ ಚದುರಂಗ ಪ್ರಬಂಧಗಳನ್ನು ಯೂರೋಪಿನ ಪದ್ಧತಿಗೆ ಹೊಂದಿಸಿ ಇಂಗ್ಲಿಷಿನಲ್ಲಿ ಪ್ರಕಟಿಸಿದ್ದರು. ಕೊನೆಗೆ ಗೆದ್ದದ್ದು ಯೂರೋಪಿನ ನಿಯಮವೇ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ದೇಶಿ ಪದ್ಧತಿಯಲ್ಲಿ ಪಳಗಿ, ಹೊಸ ನಿಯಮ ಕಲಿತು, 1929ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅವರಂತೆ ಮರುಪಾಠ ಕಲಿಯದೆ ಮಣೆಯನ್ನೇ ಮಡಿಚಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಒಡೆಯರ ದೊಡ್ಡ ಸಾಹಸವೆಂದರೆ ಗಂಜೀಫ. ದುಂಡಗಿನ ಎಲೆಗಳ ಈ ಆಟ ಮೊಗಲರ ಜೊತೆ ಭಾರತಕ್ಕೆ ಬಂದದ್ದು. ಬಾಬರನು 1527ರಲ್ಲಿ ಸಿಂಧ್‌ನ ಗೆಳೆಯನೊಬ್ಬನಿಗೆ ಗಂಜೀಫ ಕಳುಹಿಸಿದ ಉಲ್ಲೇಖವಿದೆ. ಮೊಗಲ್ ಕಟ್ಟಿನಲ್ಲಿ 8 ಬಣ್ಣ, 96 ಎಲೆ. ದಶಾವತಾರದ ಕಟ್ಟಿನಲ್ಲಿ 10 ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಹತ್ತು ಅಂಕಿಯೆಲೆಗಳು. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಉಳಿದರ್ಧದಲ್ಲಿ ಒಂದೇ ದೊಡ್ಡದು. ಹಗಲಿನಲ್ಲಿ ಆಡಿದರೆ ರಾಮನ ರಾಜನಿಂದ ಆರಂಭ, ರಾತ್ರಿಯಾದರೆ ಕೃಷ್ಣನಿಂದ. ಮೂವರು ಆಡುವ ಈ ಆಟದಲ್ಲಿ ತುರುಫು ಎಂಬುದಿಲ್ಲ. ಯಾವ ಬಣ್ಣದ ಯಾವ ಎಲೆ ಹೋಯಿತು, ಯಾವುದು ಉಳಿಯಿತು ಎಂಬುದನ್ನು ನೆನಪಿನಲ್ಲಿ ಹಿಡಿದವನೇ ಗೆಲ್ಲುವವನು. ತನ್ನ ಕೈಯಲ್ಲಿರುವ ಎಲೆಗಿಂತ ದೊಡ್ಡದು ಹೊರಗಿಲ್ಲವೆಂದು ಖಚಿತವಾದೊಡನೆ ಅದನ್ನು ಇಳಿಸಿದರೆ ಪಟ್ಟು ಅವನದೇ.

ಈ ವ್ಯವಸ್ಥೆಯನ್ನು ಅರಸರು ಅಡಿಪಾಯದಿಂದಲೇ ಬದಲಿಸಿದರು. ಅವರ ಛದ ಗಂಜೀಫದಲ್ಲಿ ಬಣ್ಣವೊಂದಕ್ಕೆ ಸಾಮಾನ್ಯವಾಗಿ 12 ಅಂಕಿಯೆಲೆ, 6 ಚಿತ್ರದೆಲೆ. ಕೆಲವು ಆಟಗಳಿಗೆ 18 ಬಣ್ಣ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆ. ಕೆಲವದರಲ್ಲಿ ಶಾಶ್ವತ ತುರುಫಿನ ಬಣ್ಣ, ಯಾವ ಬಣ್ಣಕ್ಕೂ ಸಲ್ಲುವ ವಿಶೇಷ ಎಲೆಗಳು. 360 ಎಲೆಗಳನ್ನು ಮೂವರಿಗೆ ಹಂಚಿದರೆ ತಲಾ 120. ದಶಾವತಾರದ ಇಡೀ ಕಟ್ಟು ಒಬ್ಬನ ಕೈಗೇ ಬಂದಂತಾಯಿತು! ಅದಕ್ಕಿಂತ ಗಂಭೀರವಾದುದು ತುರುಫು. ದೊಡ್ಡ ಎಲೆ ತನ್ನಲ್ಲಿದೆಯೆಂಬ ಖಚಿತತೆಯೇ ಹಳೆಯ ಆಟಗಾರನ ಬಲ; ತುರುಫು ಬಂದೊಡನೆ ಆ ಬಣ್ಣವೇ ಇಲ್ಲದವನು ಅದನ್ನು ಕತ್ತರಿಸಬಲ್ಲ. ಹಲವು ವರ್ಷಗಳ ನೆನಪಿನ ಸಾಧನೆಗೆ ಒಂದೇ ದಿನದಲ್ಲಿ ಬೆಲೆ ಕುಗ್ಗಿತು. ವಾರವಾರ ಕೂಡಿ ಆಡುವ ಮೂವರಲ್ಲಿ ಒಬ್ಬನು ಹೊಸದನ್ನು ಬಯಸಿ ಇಬ್ಬರು ಒಲ್ಲೆನೆಂದರೆ ಆ ಕೂಟವೇ ಮುರಿಯುತ್ತದೆ, ಏಕೆಂದರೆ ಇಬ್ಬರಿಂದ ಆ ಆಟ ನಡೆಯದು.

ಅರಮನೆಯೊಳಗೆ ಈ ತೊಡಕು ಇದ್ದಿರಲಾರದು. ಆಟ ಕಟ್ಟಿದವರೇ ಅರಸರು, ಎಲೆ ಬರೆಯಲು ಆಸ್ಥಾನ ಚಿತ್ರಕಾರರಿದ್ದರು, ಎದುರು ಕೂರುವವರಿಗೆ ಬಿಡುವೂ ಇತ್ತು. ಹೊರಗಿನ ಮೈಸೂರು ಮಾತ್ರ ಛದವನ್ನು ಅಪ್ಪಿಕೊಳ್ಳಲಿಲ್ಲ. ಅದು ಅರಮನೆಯ ಗೋಡೆ ದಾಟಿ ಜನರ ಆಟವಾಗಲೇ ಇಲ್ಲ. ಅಕ್ಬರನಿಗೂ ಇದೇ ಅನುಭವ. ಆತನ ಕಾಲದ 12 ಬಣ್ಣ, 144 ಎಲೆಗಳ ಕಟ್ಟನ್ನೂ ಅದರಲ್ಲಿ ಆತ ಮಾಡಿದ ಬದಲಾವಣೆಗಳನ್ನೂ ಅಬುಲ್ ಫಜಲ್ ವಿವರವಾಗಿ ದಾಖಲಿಸಿದ್ದಾನೆ. ಜನರಲ್ಲಿ ಉಳಿದದ್ದು ಸರಳವಾದ 96 ಎಲೆಗಳ ಕಟ್ಟು. ಇಂದಿಗೂ ಕಥೆ ಬೇರೆಯಲ್ಲ. ಪಾತ್ರ ವಹಿಸಿ ಮೇಜಿನ ಸುತ್ತ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ 1974ರಲ್ಲಿ ಅಮೆರಿಕದಲ್ಲಿ ಹುಟ್ಟಿತು. ಅದರ ಪರಿಷ್ಕೃತ ನಿಯಮಪುಸ್ತಕ 2024ರಲ್ಲಿ ಬಂದಾಗ, ತಿಂಗಳುಗಟ್ಟಲೆ ಒಂದೇ ಕಥೆಯನ್ನು ಮುಂದುವರಿಸುತ್ತಿದ್ದ ತಂಡಗಳು ಹಳೆಯದರಲ್ಲಿಯೇ ಮುಗಿಸುವುದೋ ನಡುವೆಯೇ ಹೊಸದಕ್ಕೆ ದಾಟುವುದೋ ಎಂದು ತಮ್ಮತಮ್ಮಲ್ಲಿಯೇ ತೀರ್ಮಾನಿಸಬೇಕಾಯಿತು.

ಅರಮನೆಯಲ್ಲಿ ನಿಯಮ ಬರೆಯುತ್ತಿದ್ದ ಅರಸರ ಪಾಲಿಗೆ ಹೊರಗಿನ ನಿಯಮಗಳು ಕಠಿಣವಾಗುತ್ತಲೇ ಹೋದವು. ಅವರಿಗೆ ಗಂಡುಸಂತಾನದ ವಾರಸುದಾರರಿರಲಿಲ್ಲ. 1862ರಲ್ಲಿ ಲಾರ್ಡ್ ಕ್ಯಾನಿಂಗ್ ದೇಶೀಯ ಅರಸರಿಗೆ ದತ್ತು ಸ್ವೀಕಾರದ ಸನ್ನದುಗಳನ್ನು ಹಂಚಿದಾಗ ಮೈಸೂರನ್ನು ಕೈಬಿಡಲಾಯಿತು. ಅರಸರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. 1865ರಲ್ಲಿ, 70ರ ವಯಸ್ಸಿನಲ್ಲಿ, ಚಾಮರಾಜೇಂದ್ರರನ್ನು ದತ್ತು ಪಡೆದರು. ಲಂಡನ್ನಿಗೆ ಮನವಿಗಳು ಹೋದವು, ಅಲ್ಲಿಯ ಸಂಸತ್ತಿನಲ್ಲಿಯೂ ಅವರ ಪರವಾದ ದನಿಗಳೆದ್ದವು. 1867ರಲ್ಲಿ ಬ್ರಿಟಿಷ್ ಸರ್ಕಾರ ದತ್ತುಪುತ್ರನ ಹಕ್ಕನ್ನು ಮಾನ್ಯ ಮಾಡಿತು. ಮರುವರ್ಷ, 1868ರ ಮಾರ್ಚ್ 27ರಂದು, ಮುಮ್ಮಡಿಯವರು ನಿಧನರಾದರು. ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ.

ಮೈಸೂರಿನ ಗಂಜೀಫ ಎಲೆಗಳಿಗೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ಕೊಳ್ಳುವವರು ಅವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ. ಚೌಕಾಬಾರಕ್ಕೆ ಸೀಮೆಸುಣ್ಣದ ಒಂದು ತುಂಡು, ನಾಲ್ಕು ಕವಡೆ ಸಾಕು. ಕಾಯಿಗೆ ಹುಣಸೆಬೀಜವೋ ಬಳೆಚೂರೋ ಆದೀತು. ಜೋಡಿಕಾಯಿಯನ್ನು ಹೊಡೆಯಬಹುದೇ ಎಂಬ ಜಗಳ ಎದ್ದರೆ ಆ ಮನೆಯ ಹಿರಿಯಜ್ಜಿಯ ಮಾತೇ ಅಂತಿಮ, ಅದೂ ಆ ಜಗುಲಿಯ ಮಟ್ಟಿಗೆ.