ಮಿಂಚಿಗೆ ದಾರಿ ತೋರಿದ ಮುದ್ರಕ: ಬೆಂಜಮಿನ್ ಫ್ರಾಂಕ್ಲಿನ್

ತುಲಾ ಮಾಸದ ಸಂಜೆ ಗುಡುಗು ಕೇಳಿದೊಡನೆ ಕಾಸರಗೋಡಿನ ಮನೆಗಳಲ್ಲಿ ನಾವು ಮೊದಲು ಓಡುವುದು ಟಿ.ವಿ.ಯ ಪ್ಲಗ್ಗಿನ ಕಡೆಗೆ. ಆ ಎಚ್ಚರಿಕೆಯ ಹಿಂದಿರುವ ಅರಿವನ್ನು ಜಗತ್ತಿಗೆ ನೀಡಿದವರಲ್ಲಿ ಅಗ್ರಗಣ್ಯನಾದ ಬೆಂಜಮಿನ್ ಫ್ರಾಂಕ್ಲಿನ್ ಎರಡೇ ವರ್ಷ ಶಾಲೆಗೆ ಹೋದವನೆಂಬುದು ನಮ್ಮ ಮಕ್ಕಳು ತಿಳಿಯಬೇಕಾದ ಸಂಗತಿ.

1706ರ ಜನವರಿ 17ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ, ಮೇಣದಬತ್ತಿ ಹಾಗೂ ಸಾಬೂನು ತಯಾರಿಸುವವನ ಮಗನಾಗಿ ಫ್ರಾಂಕ್ಲಿನ್ ಜನಿಸಿದನು. ಬಡತನದಿಂದ ಹತ್ತನೆಯ ವಯಸ್ಸಿನಲ್ಲಿ ಶಾಲೆ ನಿಂತಿತು. ಹನ್ನೆರಡರಲ್ಲಿ ಅಣ್ಣನ ಮುದ್ರಣಾಲಯ ಸೇರಿ, ಹದಿನೇಳರಲ್ಲಿ ಫಿಲಡೆಲ್ಫಿಯಾಕ್ಕೆ ತೆರಳಿದನು. ಪುಸ್ತಕಗಳೇ ಅವನ ಗುರುಗಳಾದವು. 1731ರಲ್ಲಿ ಗೆಳೆಯರೊಡನೆ ಚಂದಾ ಗ್ರಂಥಾಲಯವನ್ನೂ, 1736ರಲ್ಲಿ ಅಗ್ನಿಶಾಮಕ ಸಂಘವನ್ನೂ ಸ್ಥಾಪಿಸಿದನು.

ಅಂದು ಸಿಡಿಲೆಂದರೆ ದೈವಕೋಪವೆಂಬ ನಂಬಿಕೆ ಬಲವಾಗಿತ್ತು. ಯುರೋಪಿನಲ್ಲಿ ಗುಡುಗನ್ನು ಓಡಿಸಲು ಇಗರ್ಜಿಯ ಗಂಟೆ ಬಾರಿಸುತ್ತಿದ್ದರು. ಎತ್ತರದ ಗೋಪುರಕ್ಕೇ ಸಿಡಿಲೆರಗಿ ಗಂಟೆ ಬಾರಿಸುವವರು ಸಾಯುತ್ತಿದ್ದರು. ಮಿಂಚು ವಿದ್ಯುತ್ತೇ ಎಂದು ಊಹಿಸಿದ ಫ್ರಾಂಕ್ಲಿನ್, ಎತ್ತರದ ಕಬ್ಬಿಣದ ಸರಳಿನಿಂದ ಅದನ್ನು ಪರೀಕ್ಷಿಸುವ ಬಗೆಯನ್ನು 1750ರಲ್ಲಿ ಸೂಚಿಸಿದನು. 1752ರ ಮೇ 10ರಂದು ಫ್ರಾನ್ಸಿನಲ್ಲಿ ಆ ಪ್ರಯೋಗ ಫಲಿಸಿತು. ಅದೇ ವರ್ಷ ಅವನು ಗಾಳಿಪಟವನ್ನು ಹಾರಿಸಿ, ಒದ್ದೆ ದಾರದ ಬೀಗದಕೈಯಿಂದ ಕಿಡಿ ಪಡೆದನು. ಪಟಕ್ಕೆ ಸಿಡಿಲು ಹೊಡೆದಿರಲಿಲ್ಲ. ಹೊಡೆದಿದ್ದರೆ ಅವನು ಉಳಿಯುತ್ತಿರಲಿಲ್ಲ. ಮರುವರ್ಷ ರಷ್ಯಾದಲ್ಲಿ ಇಂಥದೇ ಅಧ್ಯಯನ ನಡೆಸುತ್ತಿದ್ದ ವಿಜ್ಞಾನಿ ರಿಚ್‌ಮನ್ ಸಿಡಿಲಿಗೆ ಬಲಿಯಾದನು. ಮಕ್ಕಳು ಇದನ್ನು ಎಂದಿಗೂ ಅನುಕರಿಸಬಾರದು.

ಮನೆಯ ಮೇಲೊಂದು ಲೋಹದ ಸರಳು, ಅಲ್ಲಿಂದ ತೇವದ ನೆಲದವರೆಗೆ ತಂತಿ: ಸಿಡಿಲನ್ನು ತಡೆಯುವುದಲ್ಲ, ಅದಕ್ಕೆ ಸುರಕ್ಷಿತ ದಾರಿ ಕೊಡುವುದೇ ಮಿಂಚುವಾಹಕದ ತತ್ತ್ವ. ಇದನ್ನು ಅವನು 1753ರ ತನ್ನ ಪಂಚಾಂಗದಲ್ಲಿ ಎಲ್ಲರಿಗಾಗಿ ಮುದ್ರಿಸಿದನು, ಪೇಟೆಂಟ್ ಪಡೆಯಲಿಲ್ಲ.

ಭಾಷಾ ಅಲ್ಪಸಂಖ್ಯಾತರಾದ ನಾವು ಅವನ ಇನ್ನೊಂದು ಮುಖವನ್ನೂ ಕಾಣಬೇಕು. ಪೆನ್ಸಿಲ್ವೇನಿಯಾದ ಜರ್ಮನ್ ಭಾಷಿಕರಿಗಾಗಿ 1732ರಲ್ಲಿ ಪತ್ರಿಕೆ ತೆಗೆದವನೇ, ಮುಂದೆ ಅವರು ಇಂಗ್ಲಿಷ್ ಕಲಿಯದೆ ನಾಡನ್ನೇ ಜರ್ಮನ್ ಮಾಡಿಯಾರೆಂದು ಭಯಪಟ್ಟು ಕಟುವಾಗಿ ಬರೆದನು. ಆದರೆ 1787ರಲ್ಲಿ ಅದೇ ಜನರಿಗಾಗಿ ಲ್ಯಾಂಕಾಸ್ಟರಿನಲ್ಲಿ ಕಾಲೇಜು ತೆರೆದಾಗ ಉದಾರವಾಗಿ ಧನ ನೀಡಿದನು. ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದವನು ಅದೇ ವರ್ಷ ಗುಲಾಮಗಿರಿ ವಿರೋಧಿ ಸಂಘದ ಅಧ್ಯಕ್ಷನಾದನು. ದೊಡ್ಡವರೂ ತಪ್ಪುತ್ತಾರೆ, ತಿದ್ದಿಕೊಳ್ಳಲೂ ಬಲ್ಲರು. 1790ರ ಏಪ್ರಿಲ್ 17ರಂದು, 84ನೆಯ ವಯಸ್ಸಿನಲ್ಲಿ ಅವನು ನಿಧನ ಹೊಂದಿದನು.

ಅವನ ಸರಳು ಕಟ್ಟಡವನ್ನು ಕಾಯುತ್ತದೆ. ಆದರೆ ಅವನ ಕಾಲದಲ್ಲಿ ಇಲ್ಲದ ವಿದ್ಯುತ್ ತಂತಿ, ಕೇಬಲ್ಲುಗಳ ಮೂಲಕ ಇಂದು ಸಿಡಿಲಿನ ಆಘಾತ ಮನೆಯೊಳಗೆ ಬರುತ್ತದೆ. ದೂರದ ಕಂಬಕ್ಕೆ ಬಡಿದರೂ ಟಿ.ವಿ., ಕಂಪ್ಯೂಟರ್ ಸುಡಬಹುದು. ಸ್ವಿಚ್ ಆರಿಸಿದರೆ ಸಾಲದು. ಅದರೊಳಗಿನ ಕಿರಿದಾದ ಅಂತರವನ್ನು ಮಿಂಚು ಸುಲಭವಾಗಿ ದಾಟುತ್ತದೆ. ಆದುದರಿಂದ ಗುಡುಗು ಹತ್ತಿರವಾಗುವ ಮುನ್ನವೇ ಪ್ಲಗ್ಗನ್ನೂ ಕೇಬಲ್ಲನ್ನೂ ಕಳಚಿಡೋಣ. ಗುಡುಗು ನೆತ್ತಿಯ ಮೇಲಿರುವಾಗ ಅವನ್ನು ಮುಟ್ಟದಿರೋಣ. ಸರ್ಜ್ ಪ್ರೊಟೆಕ್ಟರ್ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕೆ ತಿರುಗಿಸುತ್ತದೆ. ಮನೆಯ ಅರ್ಥಿಂಗ್ ಕೆಟ್ಟಿದ್ದರೆ ಅದರ ಪ್ರಯೋಜನ ಕುಗ್ಗುತ್ತದೆ, ಹತ್ತಿರದ ಸಿಡಿಲಿಗೆ ಅದೂ ಸೋಲಬಹುದು. ಮಳೆಗಾಲಕ್ಕೆ ಮೊದಲು ಅರ್ಹ ವಿದ್ಯುತ್ ಕೆಲಸಗಾರರಿಂದ ಅರ್ಥಿಂಗ್ ಪರೀಕ್ಷಿಸಿಕೊಳ್ಳೋಣ. ಸಿಡಿಲಿಗೆ ನೆಲದ ದಾರಿ ಬೇಕೆಂಬ ಫ್ರಾಂಕ್ಲಿನ್ನನ ಪಾಠ ಇಂದಿಗೂ ಅದೇ.