ಡಾ. ಲೆಸ್ಲಿ ಸಿ. ಕೋಲ್ಮನ್ (1878–1954): ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಪ್ರಥಮ ನಿರ್ದೇಶಕರು

ಪೀಠಿಕೆ

ಮಲೆನಾಡಿನ ಅಡಿಕೆ ಬೆಳೆಗಾರರು ಪ್ರತಿ ವರ್ಷ ಮುಂಗಾರಿಗೆ ಮುನ್ನ ಮೈಲುತುತ್ತು ಹಾಗೂ ಸುಣ್ಣದ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸುತ್ತಾರೆ. ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ನಡೆದುಬಂದಿರುವ ಈ ಕ್ರಮವನ್ನು ನಾಡಿಗೆ ಪರಿಚಯಿಸಿದವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್‌ರವರು. ಸರ್ಕಾರದ ಸಂಶೋಧನೆಯು ರೈತನ ಹೊಲ ಮತ್ತು ತೋಟವನ್ನು ಹೇಗೆ ತಲುಪಬೇಕೆಂಬುದಕ್ಕೆ ಇವರ ಸೇವಾವಧಿಯು ಉತ್ತಮ ನಿದರ್ಶನವಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಕೋಲ್ಮನ್‌ರವರು 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತ್ಯದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಗಳಿಸಿದರು. 1908ರಲ್ಲಿ ಶಿಲೀಂಧ್ರ ಮತ್ತು ಕೀಟಶಾಸ್ತ್ರ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. ಇದಕ್ಕೂ ಮುನ್ನ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಆಡಳಿತ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಾಯೋಗಿಕ ಕ್ಷೇತ್ರಕ್ಕೆ ಭೂಮಿ ದೊರೆತಿತ್ತು. ಕೃಷಿ ರಸಾಯನ ತಜ್ಞರಾದ ಡಾ. ಲೆಹ್ಮನ್‌ರವರು ಅಲ್ಲಿ ಕೆಲಸ ಆರಂಭಿಸಿದ್ದರು.

ಕೊಳೆರೋಗದ ನಿಯಂತ್ರಣ

ಶಿವಮೊಗ್ಗ ಹಾಗೂ ಅಂದಿನ ಕಡೂರು ಜಿಲ್ಲೆಗಳಲ್ಲಿ ಮಳೆಗಾಲದ ಕೊಳೆರೋಗವು ಅಡಿಕೆ ತೋಟಗಳಿಗೆ ಬಹು ದೊಡ್ಡ ಪೀಡೆಯಾಗಿತ್ತು. ಎಳೆಯ ಕಾಯಿಗಳು ಕೊಳೆತು ಉದುರುತ್ತಿದ್ದವು. ವರ್ಷಕ್ಕೊಮ್ಮೆ ಬರುವ ಫಸಲು ಹೋದರೆ ಕುಟುಂಬದ ವರ್ಷದ ಆದಾಯವೇ ಹೋದಂತೆ. ಹುಲ್ಲಿನಿಂದ ಹೆಣೆದ ಕೊಟ್ಟೆಗಳನ್ನು ಗೊನೆಗಳಿಗೆ ಕಟ್ಟಿ ಮಳೆಯಿಂದ ರಕ್ಷಿಸುವ ಪದ್ಧತಿ ಇತ್ತಾದರೂ, ಪ್ರತಿ ಗೊನೆಗೂ ಕೊಟ್ಟೆ ಕಟ್ಟಿಸಲು ಹೆಚ್ಚಿನ ಶ್ರಮ ಮತ್ತು ನುರಿತ ಕೊನೆಗಾರರು ಬೇಕಾಗುತ್ತಿತ್ತು.

ಕೋಲ್ಮನ್‌ರವರು ಈ ರೋಗಕ್ಕೆ ಫೈಟಾಫ್ತೊರಾ ಜಾತಿಯ ಸೂಕ್ಷ್ಮಜೀವಿ ಕಾರಣವೆಂದು ಗುರುತಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಫ್ರಾನ್ಸಿನಲ್ಲಿ ದ್ರಾಕ್ಷಿ ತೋಟಗಳಿಗೆ ಬಳಸಲಾಗುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಅಳವಡಿಸಿದರು. ಭಾರೀ ಮಳೆಯಲ್ಲಿಯೂ ಔಷಧಿ ತೊಳೆದುಹೋಗದಂತೆ ರಾಳದ ಅಂಟನ್ನು ಸೇರಿಸಲಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಔಷಧಿಯ ಖರ್ಚನ್ನು ರೈತನು ಮಳೆಗೆ ಮೊದಲೇ ಮಾಡಬೇಕು. ಅದರ ಲಾಭವು ತಿಂಗಳುಗಳ ನಂತರ, ಉದುರದೆ ಉಳಿದ ಕಾಯಿಗಳ ರೂಪದಲ್ಲಿ ಮಾತ್ರ ಕಾಣುತ್ತದೆ. ಆದುದರಿಂದ ಕೇವಲ ಸಲಹೆಯಿಂದ ರೈತನು ಹಣ ಹೂಡುವುದು ಕಷ್ಟ. ಔಷಧಿ ಹೊಡೆದ ಮರ ಹಾಗೂ ಹೊಡೆಯದ ಮರಗಳನ್ನು ಒಂದೇ ತೋಟದಲ್ಲಿ ಹೋಲಿಸಿ ನೋಡಿದಾಗ ಲೆಕ್ಕವು ತಾನೇ ಸ್ಪಷ್ಟವಾಗುತ್ತದೆ. ಸಾಮಗ್ರಿಯು ಅಗ್ಗವಾಗಿದ್ದುದು ಈ ಕ್ರಮವು ಹರಡಲು ಮುಖ್ಯ ಕಾರಣವಾಯಿತು.

ನಿರ್ದೇಶಕರಾಗಿ ಸೇವೆ

ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ, 1913ರಲ್ಲಿ, ಕೃಷಿ ಇಲಾಖೆಯು ರೂಪುಗೊಂಡು ಕೋಲ್ಮನ್‌ರವರು ಅದರ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. ಹೀಗೆ ಸಂಶೋಧನೆ, ಶಿಕ್ಷಣ ಮತ್ತು ರೈತರಿಗೆ ಸಲಹೆ ಈ ಮೂರೂ ಕಾರ್ಯಗಳು ಒಂದೇ ಇಲಾಖೆಯಡಿ ಬಂದವು. ಹೆಬ್ಬಾಳದಲ್ಲಿ ರಾಗಿ ತಳಿಗಳ ಆಯ್ಕೆಯ ಕಾರ್ಯವೂ ನಡೆಯಿತು. ಕೀಟಶಾಸ್ತ್ರಜ್ಞ ಕೆ. ಕುಂಞಿಕಣ್ಣನ್, ಶಿಲೀಂಧ್ರ ತಜ್ಞ ಎಂ.ಜೆ. ನರಸಿಂಹನ್ ಮುಂತಾದ ಭಾರತೀಯ ವಿಜ್ಞಾನಿಗಳು ಈ ಇಲಾಖೆಯಲ್ಲಿ ಹೆಸರು ಗಳಿಸಿದರು. ಮೈಸೂರು ಕೃಷಿ ಮತ್ತು ಪ್ರಯೋಗ ಸಂಘದ ನಿಯತಕಾಲಿಕೆಯು ಪ್ರಯೋಗಗಳ ಫಲಿತಾಂಶಗಳನ್ನು ಪ್ರಯೋಗಾಲಯದ ಹೊರಗೆ ತಲುಪಿಸಿತು.

ಎಲ್ಲ ಪೀಡೆಗಳಿಗೂ ಒಂದೇ ವಿಧಾನವನ್ನು ಅನುಸರಿಸಲಾಗಲಿಲ್ಲ. ಕಾಫಿಯ ಕಾಂಡ ಕೊರಕ ಹುಳುವು ಒಂದು ತೋಟದಲ್ಲಿ ಉಳಿದರೆ ನೆರೆಯ ತೋಟಕ್ಕೂ ಹಬ್ಬುತ್ತದೆ. ಒಬ್ಬನು ಪೀಡಿತ ಗಿಡಗಳನ್ನು ಕಿತ್ತು ಸುಟ್ಟರೂ, ನೆರೆಯವನು ಸುಮ್ಮನಿದ್ದರೆ ಮೊದಲಿನವನ ಖರ್ಚು ವ್ಯರ್ಥವಾಗುತ್ತದೆ. ಇಂತಹ ಸಂದರ್ಭಗಳಿಗಾಗಿ 1917ರಲ್ಲಿ ಸಂಸ್ಥಾನದಲ್ಲಿ ಪೀಡೆ ಮತ್ತು ರೋಗಗಳ ನಿಯಂತ್ರಣಕ್ಕೆ ಶಾಸನ ಜಾರಿಗೆ ಬಂದಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವು ಸ್ಥಾಪನೆಯಾಯಿತು. ಇದು ಮುಂದೆ ಕಾಫಿ ಮಂಡಳಿಯ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು.

ಕೃಷ್ಣರಾಜಸಾಗರದ ನೀರು ಇರ್ವಿನ್ ನಾಲೆಯ (ಇಂದಿನ ವಿಶ್ವೇಶ್ವರಯ್ಯ ನಾಲೆ) ಮೂಲಕ ಮಂಡ್ಯ ಪ್ರದೇಶಕ್ಕೆ ಹರಿದಾಗ, ನೀರಾವರಿ ಬೆಳೆಗಳ ಅಧ್ಯಯನಕ್ಕೆ 1931ರಲ್ಲಿ ಅಲ್ಲಿ ಪ್ರಾಯೋಗಿಕ ಕ್ಷೇತ್ರ ಆರಂಭವಾಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿ, ಕಬ್ಬು ಬೆಳೆಗಾರರಿಗೆ ಹತ್ತಿರದಲ್ಲಿಯೇ ಮಾರುಕಟ್ಟೆ ದೊರೆಯಿತು.

ಶ್ರೀಗಂಧದ ಸ್ಪೈಕ್ ರೋಗದ ಬಗ್ಗೆಯೂ ಕೋಲ್ಮನ್‌ರವರು ಅಧ್ಯಯನ ನಡೆಸಿದರು. ಆದರೆ ಅಡಿಕೆಗೆ ದೊರೆತಂತಹ ಸುಲಭ ಪರಿಹಾರ ಅದಕ್ಕೆ ದೊರೆಯಲಿಲ್ಲ. ಜೋಳದ ಬೆಳೆಗೆ ಹಾನಿ ಮಾಡುವ ಮಿಡತೆಯೊಂದಕ್ಕೆ ಅವರ ಗೌರವಾರ್ಥ ಕೋಲ್ಮೇನಿಯಾ ಎಂಬ ವೈಜ್ಞಾನಿಕ ಹೆಸರನ್ನಿಡಲಾಗಿದೆ.

ನಿವೃತ್ತಿ ಮತ್ತು ನಿಧನ

1934ರಲ್ಲಿ ಸೇವೆಯಿಂದ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಕೋಲ್ಮನ್‌ರವರು ಸಸ್ಯರೋಗಗಳ ಅಧ್ಯಯನ ಮುಂದುವರಿಸಿ, 1954ರಲ್ಲಿ ನಿಧನರಾದರು. ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಸ್ಥಾಪನೆಯಾದವು.

ಬೆಳೆಗಾರರ ಗಮನಕ್ಕೆ

ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿ.ಗ್ರಾಂ ಮೈಲುತುತ್ತು, 1 ಕಿ.ಗ್ರಾಂ ಸುಣ್ಣ ಹಾಗೂ ಒಟ್ಟು 100 ಲೀಟರ್ ನೀರು ಅಗತ್ಯ. ಕಬ್ಬಿಣದ ಪಾತ್ರೆ ಬಳಸಬಾರದು. ತಯಾರಾದ ದ್ರಾವಣದಲ್ಲಿ ಹೊಳೆಯುವ ಚಾಕುವನ್ನು ಅದ್ದಿದಾಗ ಕೆಂಪು ಬಣ್ಣ ಕಂಡುಬಂದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಮೊದಲ ಸಿಂಪರಣೆಯನ್ನು ಮುಂಗಾರಿಗೆ ಮುನ್ನ, ಎರಡನೆಯದನ್ನು 40ರಿಂದ 45 ದಿನಗಳ ನಂತರ ಕೈಗೊಳ್ಳುವುದು. ಹೆಚ್ಚಿನ ಮಾಹಿತಿಗೆ ತಾಲ್ಲೂಕು ಮಟ್ಟದ ತೋಟಗಾರಿಕೆ ಇಲಾಖೆಯ ಕಚೇರಿಯನ್ನೂ, ಇತರ ಕೃಷಿ ಬೆಳೆಗಳಿಗಾಗಿ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರವನ್ನೂ ಸಂಪರ್ಕಿಸಬಹುದು.